ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ದೂರ

ನಿಧನದ ಸುದ್ದಿಗೆ ಒಂದು ಅಚ್ಚು ಇದೆ. ಹೆಸರು, ವಯಸ್ಸು, ಏನಾಗಿದ್ದರು, ಪತ್ನಿ, ಎಷ್ಟು ಜನ ಮಕ್ಕಳು, ಅಪಾರ ಬಂಧು ಬಳಗ, ಅಂತ್ಯಕ್ರಿಯೆ ಎಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ಭಾಗದಿಂದ ಇಂಥ ಸುದ್ದಿಗಳನ್ನು ಹನ್ನೆರಡು ವರ್ಷದಿಂದ ಕಳಿಸುತ್ತಿದ್ದೇನೆ. ನಿವೃತ್ತ ಶಿಕ್ಷಕರು, ಸೊಸೈಟಿಯ ಮಾಜಿ ಅಧ್ಯಕ್ಷರು, ಕೊಬ್ಬರಿ ವರ್ತಕರು. ‘ಏನಾಗಿದ್ದರು’ ಎಂಬ ಜಾಗಕ್ಕೆ ಒಂದು ಪದ ಸಿಕ್ಕರೆ ಸುದ್ದಿ ಐದು ನಿಮಿಷದಲ್ಲಿ ಮುಗಿಯುತ್ತದೆ.

2023ರ ಕಾರ್ತಿಕದಲ್ಲಿ ನನ್ನ ಸೋದರಮಾವ ತೀರಿಕೊಂಡ. ಆ ಜಾಗದಲ್ಲಿ ‘ಗಾರೆ ಮೇಸ್ತ್ರಿ’ ಎಂದು ಬರೆದು ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು. ‘ಸಂಘ, ಸಂಸ್ಥೆ ಏನಾದ್ರೂ ಇತ್ತಾ? ಪಂಚಾಯಿತಿ ಮೆಂಬರ್ ಆಗಿದ್ರಾ?’ ಇಲ್ಲ ಸಾರ್ ಅಂದೆ. ‘ಸರಿ, ಜಾಗ ಇದ್ರೆ ನೋಡೋಣ’ ಅಂದರು. ಜಾಗ ಇರಲಿಲ್ಲ. ಅವರ ಮೇಲೆ ನನಗೆ ಸಿಟ್ಟೂ ಇಲ್ಲ. ಒಂದು ಪುಟಕ್ಕೆ ಎಷ್ಟು ಸಾವು ಹಿಡಿಸುತ್ತದೆ ಅಂತ ನನಗೂ ಗೊತ್ತು. ಇಲ್ಲಿ ಜಾಗದ ತೊಂದರೆ ಇಲ್ಲವಲ್ಲ, ಅದಕ್ಕೆ ಮಾವ ಏನಾಗಿದ್ದ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯವರು ಹೆಸರು ಬೇಡ ಅಂದಿದ್ದಾರೆ. ಅವನ ಕೈಯಲ್ಲಿ ಮನೆ ಕಟ್ಟಿಸಿದವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ.

ನಮ್ಮ ಕಡೆಯವರಿಗೆ ಬೀರೂರು ಜಂಕ್ಷನ್ ಗೊತ್ತೇ ಇದೆ. ಅಲ್ಲಿಂದ ರೈಲು ದಾರಿ ಮೂರು ದಿಕ್ಕಿಗೆ ಹೋಗುತ್ತದೆ. ಒಂದು ಕಡೂರು, ಅರಸೀಕೆರೆ ಕಡೆಗೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ ಹಾದು ಹುಬ್ಬಳ್ಳಿಗೆ. ಮಾವನ ಊರು ಬೀರೂರಿನ ಪಕ್ಕದ ಹಳ್ಳಿ. ಇಪ್ಪತ್ತನೇ ವಯಸ್ಸಿಗೆ ಬಾಂಡ್ಲಿ ಹೊತ್ತವನು, ಐವತ್ತೆಂಟಕ್ಕೆ ಸಾಯುವವರೆಗೂ ಈ ಮೂರು ದಿಕ್ಕಲ್ಲೇ ಕೆಲಸ ಮಾಡಿದ. ಕಡೂರು, ತರೀಕೆರೆ, ಅಜ್ಜಂಪುರ. ಅವನ ಪ್ರಪಂಚ ಅಷ್ಟೇ. ಅದು ಯಾರೋ ಗೆರೆ ಎಳೆದು ಕೊಟ್ಟ ಪ್ರಪಂಚ ಅಲ್ಲ. ಅವನೇ ಎಳೆದುಕೊಂಡದ್ದು.

2000ದ ಆಸುಪಾಸಿನಲ್ಲಿ ಅವನ ಜೊತೆ ಕೆಲಸ ಕಲಿತವರೆಲ್ಲ ಒಬ್ಬೊಬ್ಬರೇ ಬೆಂಗಳೂರಿಗೆ ಹೊರಟರು. ಅಲ್ಲಿ ಅಪಾರ್ಟ್‌ಮೆಂಟ್ ಮೇಲೆ ಅಪಾರ್ಟ್‌ಮೆಂಟ್ ಏಳುತ್ತಿದ್ದ ಕಾಲ. ಕೂಲಿ ಇಲ್ಲಿಗಿಂತ ಹೆಚ್ಚು, ಕೆಲಸಕ್ಕೆ ಬಿಡುವಿಲ್ಲ. ಮಾವನೂ ಹೋದ. ಹತ್ತೊಂಬತ್ತು ದಿನ ಶೆಡ್ಡಿನಲ್ಲಿ ಇದ್ದು ವಾಪಸ್ ಬಂದ. ಮತ್ತೆ ಹೋಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ‘ಅಲ್ಲಿ ನೀರು ಒಗ್ಗಲಿಲ್ಲ ಕಣಪ್ಪ’ ಅಂತಿದ್ದ. ನಾವೂ ಅದನ್ನೇ ನಂಬಿದ್ದೆವು. ಅತ್ತೆ ನಿಜ ಹೇಳಿದ್ದು ಅವನು ಹೋದ ಮೇಲೆ. ಅವತ್ತು ಅವನು ಬ್ಯಾಗು ಹಿಡಿದು ಬಾಗಿಲಿಗೆ ಬಂದಾಗ ಮೂರು ವರ್ಷದ ಮಗಳು ಗುರುತು ಹಿಡಿಯದೆ ಅಮ್ಮನ ಸೆರಗಿನ ಹಿಂದೆ ಅವಿತುಕೊಂಡಳಂತೆ. ‘ಹತ್ತೊಂಬತ್ ದಿನಕ್ಕೇ ಮರ್ತೋದ್ಲಲ್ಲೇ’ ಅಂತ ಒಂದೇ ಮಾತು ಹೇಳಿ ಕೈಕಾಲು ತೊಳೆಯಲು ಹೋದನಂತೆ.

ಅಲ್ಲಿಂದ ಮುಂದೆ ಕೆಲಸ ಒಪ್ಪಿಕೊಳ್ಳಲು ಅವನಿಗೆ ಒಂದೇ ಅಳತೆ. ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ದೂರ ಇರಬೇಕು. ಲಕ್ಕವಳ್ಳಿ ಕಡೆಯಿಂದ ಯಾರಾದರೂ ಕೆಲಸಕ್ಕೆ ಕರೆದರೆ ಚದರಕ್ಕೆ ಎಷ್ಟು ಕೊಡುತ್ತೀರಿ ಅಂತ ಮೊದಲು ಕೇಳುತ್ತಿರಲಿಲ್ಲ. ‘ಕೊನೇ ಬಸ್ಸು ಎಷ್ಟೊತ್ತಿಗೆ?’ ಅಂತ ಕೇಳುತ್ತಿದ್ದ. ಆಮೇಲೆ ಹಳೇ ಟಿವಿಎಸ್ ತಗೊಂಡ ಮೇಲೆ ಬಸ್ಸಿನ ಚಿಂತೆ ಹೋಯಿತು, ಅಳತೆ ಮಾತ್ರ ಅದೇ ಉಳಿಯಿತು. ಬೆಂಗಳೂರಿಗೆ ಹೋದವರಲ್ಲಿ ಇಬ್ಬರು ಅಲ್ಲೇ ಸೈಟು ಮಾಡಿದರು. ಹಬ್ಬಕ್ಕೆ ಕಾರಲ್ಲಿ ಬರುತ್ತಿದ್ದರು. ಮಾವ ಅವರ ಕಾರು ನೋಡಿ ಸಂತೋಷಪಡುತ್ತಿದ್ದ. ಹೊಟ್ಟೆಯಲ್ಲಿ ಏನಿತ್ತೋ, ನನ್ನ ಹತ್ತಿರ ಹೇಳಲಿಲ್ಲ.

2006ರಲ್ಲಿ ಪಿಯುಸಿ ಪರೀಕ್ಷೆ ಮುಗಿಸಿ ನಾನು ಎರಡು ತಿಂಗಳು ಅವನ ಕೈಕೆಳಗೆ ಚಿಕ್ಕಾಳಾಗಿ ಹೋಗಿದ್ದೆ. ಗಾರೆ ಕೆಲಸ ಅಂದರೆ ಇಟ್ಟಿಗೆ ಮೇಲೆ ಇಟ್ಟಿಗೆ ಇಡೋದು ಅಂದುಕೊಂಡಿದ್ದ ನನಗೆ ಮೊದಲ ವಾರ ಕೊಟ್ಟ ಕೆಲಸ ಇಟ್ಟಿಗೆಗೆ ನೀರು ಹಾಕುವುದು. ‘ಒಣ ಇಟ್ಟಿಗೆ ಇಟ್ರೆ ಅದು ಗಾರೆಯೊಳಗಿನ ನೀರೆಲ್ಲ ಕುಡ್ಕಂಬಿಡ್ತದೆ. ಆಮೇಲೆ ಸಿಮೆಂಟು ಹೆಂಗೆ ಹಿಡೀತದೆ?’ ಅಂತಿದ್ದ. ಮೋಲ್ಡ್ ಹಾಕಿದ ಮಾರನೇ ದಿನ ಮೇಲೆ ಹತ್ತಿ ಮಣ್ಣಿನ ಬದು ಕಟ್ಟಿ, ಗದ್ದೆ ಮಡಿಯ ಹಾಗೆ ನೀರು ನಿಲ್ಲಿಸಿ, ಎರಡು ಮೂರು ವಾರ ಆರದ ಹಾಗೆ ನೋಡಿಕೊಳ್ಳಬೇಕು. ಬರಗಾಲ ಬಂದರೆ ಕಡೂರು ಕಡೆ ಕುಡಿಯಲಿಕ್ಕೇ ನೀರಿರುವುದಿಲ್ಲ. ಅಂಥ ವರ್ಷ ಮನೆ ಶುರು ಮಾಡುತ್ತೇವೆ ಅಂತ ಬಂದವರಿಗೆ ‘ಮಳೆ ನೋಡ್ಕಂಡು ಮಾಡಾಣ ಇರಿ’ ಅಂತ ಅವನೇ ಹೇಳಿ ಕಳಿಸುತ್ತಿದ್ದ. ನೀರು ಕುಡಿಯದ ಮನೆ ನಿಲ್ಲುವುದಿಲ್ಲ ಎನ್ನುವುದು ಅವನ ಲೆಕ್ಕ. ಅವರು ಬೇರೆ ಮೇಸ್ತ್ರಿ ಹಿಡಿದು ಕಟ್ಟಿಸಿಕೊಳ್ಳುತ್ತಿದ್ದರು. ಅತ್ತೆ ಬೈಯುತ್ತಿದ್ದಳು.

ನೆಲ ನೋಡುವುದನ್ನೂ ಅವನಿಂದಲೇ ಕಲಿತೆ. ಅಜ್ಜಂಪುರ ಆಗ ಇನ್ನೂ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಆ ಕಡೆಯ ಎರೆ ಹೊಲ ಈರುಳ್ಳಿಗೆ ಒಳ್ಳೆಯದು, ಮನೆಗೆ ಕಷ್ಟ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲೆ ಕೂತ ಗೋಡೆಯೂ ಅದರ ಜೊತೆ ಆಡುತ್ತದೆ. ಕೆಂಪು ನೆಲದಲ್ಲಿ ಮೂರಡಿಗೆ ಗಟ್ಟಿ ಸಿಕ್ಕರೆ ಅಲ್ಲಿ ಐದು, ಆರು ಅಡಿ ಇಳಿಯಬೇಕು. ಮಣ್ಣೊಳಗೆ ಹೋಗುವ ದುಡ್ಡು ಕಣ್ಣಿಗೆ ಕಾಣುವುದಿಲ್ಲ ಅಂತ ಮನೆಯವರು ಪಾಯದಲ್ಲೇ ಜಿಪುಣತನ ಮಾಡುತ್ತಾರೆ. ಮಾವ ಪಾಯದಲ್ಲಿ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ‘ಬಣ್ಣ ಬೇಕಾದ್ರೆ ಮುಂದಿನ ವರ್ಷ ಹೊಡ್ಸಿ. ಪಾಯ ಮುಂದಿನ ವರ್ಷ ಹಾಕ್ಸಕ್ಕಾಗಲ್ಲ’ ಅಂತಿದ್ದ.

ಅವನು ಕಟ್ಟಿದ್ದರಲ್ಲಿ ದೊಡ್ಡ ಮನೆಗಳು ಕಡಿಮೆ. ಆಶ್ರಯ ಮನೆ, ಇಂದಿರಾ ಆವಾಸ್, ಬಸವ ವಸತಿ, ಇಂಥವೇ ಹೆಚ್ಚು. ನಿಮ್ಮಲ್ಲಿ ಎಷ್ಟೋ ಜನ ಇಂಥ ಮನೆ ಕಟ್ಟಿಸಿದ್ದೀರಿ, ಈ ಲೆಕ್ಕ ನಿಮಗೂ ಗೊತ್ತು. ಪಾಯ, ಲಿಂಟಲ್, ಮೋಲ್ಡ್, ಪೂರ್ಣ ಅಂತ ನಾಲ್ಕು ಹಂತ. ಹಂತ ಮುಗಿದ ಹಾಗೆ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡಿದರೆ ಆ ಕಂತು ಬರುತ್ತದೆ. ಕಂತು ತಡವಾದರೆ ಮೊದಲು ನಿಲ್ಲುವುದು ಮೇಸ್ತ್ರಿಯ ಬಟವಾಡೆ. ಫೋಟೊದಲ್ಲಿ ಮನೆಯ ಮುಂದೆ ಫಲಾನುಭವಿ ನಿಂತಿರಬೇಕು. ಫೋಟೊ ತೆಗೆಯುವಾಗ ಮಾವ ಬಾಂಡ್ಲಿ, ಸಲಿಕೆ ಎಲ್ಲ ಬದಿಗೆ ಎಳೆದು ತಾನೂ ಪಕ್ಕಕ್ಕೆ ಸರಿಯುತ್ತಿದ್ದ. ಸರ್ಕಾರದ ಕಂಪ್ಯೂಟರಿನಲ್ಲಿ ಅವನು ಕಟ್ಟಿದ ಎಷ್ಟೋ ಗೋಡೆಗಳ ಚಿತ್ರ ಇರಬಹುದು. ಅವನು ಒಂದರಲ್ಲೂ ಇಲ್ಲ.

ಅವನ ಕೆಲಸದ ದಾಖಲೆ ಅಂತ ಇರುವುದು ಅತ್ತೆಯ ನೋಟ್ ಪುಸ್ತಕ ಮಾತ್ರ.

ಮದುವೆಯಾದ ಹೊಸದರಲ್ಲಿ ಅತ್ತೆಯೂ ಅವನ ಜೊತೆಗೇ ಕೆಲಸಕ್ಕೆ ಹೋಗುತ್ತಿದ್ದಳು. ಮರಳು, ಇಟ್ಟಿಗೆ, ಕಲಸಿದ ಗಾರೆ ಹೊತ್ತು ಸಾರ್ವೆ ಹತ್ತುವ ಕೆಲಸ. ಹನ್ನೆರಡು ವರ್ಷ ಹೊತ್ತಿದ್ದಾಳೆ. ನಾನು ಹೋಗಿದ್ದ ವರ್ಷ ಮಾವನಿಗೆ ದಿನಕ್ಕೆ 175 ರೂಪಾಯಿ, ಅತ್ತೆಗೆ 70. ಅದೇ ಬಿಸಿಲು, ಅದೇ ಗಂಟೆ. ಅವಳು ಏಳನೇ ಕ್ಲಾಸ್‌ವರೆಗೆ ಓದಿದ್ದಳು, ಮಾವ ಅಷ್ಟೂ ಓದಿರಲಿಲ್ಲ. ಒಂದು ಸಲ ಮನೆಯವರೊಬ್ಬರು ಬಟವಾಡೆಯಲ್ಲಿ ಎರಡು ದಿನ ಕಡಿಮೆ ಲೆಕ್ಕ ಹಿಡಿದರು. ಮಾವ ಜಗಳ ಆಡದೆ ಬಂದುಬಿಟ್ಟ. ಅವತ್ತೇ ಅತ್ತೆ ಬೀರೂರಿನಲ್ಲಿ ಒಂದು ನೋಟ್ ಪುಸ್ತಕ ತಂದಳು. 1999ರಿಂದ ಹಿಡಿದು ಇವತ್ತಿನವರೆಗೆ ಅಂಥ ಹನ್ನೊಂದು ಪುಸ್ತಕ ಆಗಿವೆ. ಬಾಗಿಲ ಹಿಂದಿನ ಮೊಳೆಗೆ ದಾರ ಕಟ್ಟಿ ನೇತು ಹಾಕಿರುತ್ತಿದ್ದಳು.

ತಿಥಿ ಮುಗಿದ ಮೇಲೆ ಅವನ್ನೆಲ್ಲ ಕೂತು ಓದಿದೆ. ತಾರೀಖು, ಊರು, ಮನೆಯವರ ಹೆಸರು, ಒಂದು ದಿನವೋ ಅರ್ಧ ದಿನವೋ, ಮುಂಗಡ ಎಷ್ಟು, ಬಾಕಿ ಎಷ್ಟು. ನಡುನಡುವೆ ಒಂದೊಂದು ಮಾತು. ‘ಮಳೆ, ಕೆಲಸ ಇಲ್ಲ.’ ‘ಮಗಳಿಗೆ ಜ್ವರ, ಹೋಗಲಿಲ್ಲ.’ ‘ಅಂತರಘಟ್ಟೆ ಜಾತ್ರೆ, ರಜೆ.’ ‘ಮೋಲ್ಡ್, ರಾತ್ರಿ ಹತ್ತಾಯಿತು.’ ಪ್ರತಿ ಜೂನ್ ತಿಂಗಳಲ್ಲೂ ಮುಂಗಡ ಹೆಚ್ಚು. ಅದು ಶಾಲೆ, ಕಾಲೇಜಿನ ಫೀಸಿನ ತಿಂಗಳು. ಮಗಳ ಬಿಎಡ್, ಮಗನ ಐಟಿಐ ಎರಡೂ ಆ ಮುಂಗಡದ ಕಾಲಂನಲ್ಲೇ ಇವೆ. ಒಬ್ಬ ಮನುಷ್ಯನ ಜೀವನ ಬರೆಯಲು ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದೆ. ಅತ್ತೆ ಗೆರೆ ಹೊಡೆದ ಪುಸ್ತಕದಲ್ಲಿ ಅದನ್ನು ದಿನವೂ ಬರೆದಿಟ್ಟಿದ್ದಳು.

ಈ ಪುಸ್ತಕ ಬೇರೆ ಕೆಲಸಕ್ಕೂ ಬಂತು. ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರದ ಕಾಯ್ದೆ ಬಂದದ್ದು 1996ರಲ್ಲಿ. ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಶುರುವಾಗಲು ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ ಹಿಡಿಯಿತು. ಕಟ್ಟಡ ಕಟ್ಟುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಿ ಮಾಡಿ, ಆ ದುಡ್ಡಿನಲ್ಲಿ ಕಾರ್ಮಿಕರ ಮಕ್ಕಳ ಓದು, ಮದುವೆ, ಆಸ್ಪತ್ರೆ, ಪಿಂಚಣಿ, ಸಾವಿನ ಪರಿಹಾರ ಇವಕ್ಕೆಲ್ಲ ಸಹಾಯ ಕೊಡುವುದು ಅದರ ಲೆಕ್ಕ. ಕಾರ್ಡ್ ಬೇಕೆಂದರೆ ವಯಸ್ಸು 18ರಿಂದ 60ರೊಳಗೆ ಇರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಬೆಂಗಳೂರಿನ ದೊಡ್ಡ ಸೈಟಿನಲ್ಲಿ ಹಾಜರಿ ಪುಸ್ತಕ ಇರುತ್ತದೆ. ನಮ್ಮ ಕಡೆ ಇಲ್ಲಿ ಎಂಟು ದಿನ, ಅಲ್ಲಿ ಹದಿನೈದು ದಿನ ಅಂತ ತಿರುಗುವ ಮೇಸ್ತ್ರಿ 90 ದಿನ ಎಲ್ಲಿಂದ ತೋರಿಸಬೇಕು? ಅತ್ತೆ ಪುಸ್ತಕ ಬಿಚ್ಚಿಟ್ಟು, ತಾರೀಖಿನ ಸಮೇತ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಳು. ಮಾವನಿಗೆ ಕಾರ್ಡ್ ಆಯಿತು.

ಅದರ ಬೆಲೆ ತಿಳಿದದ್ದು 2020ರ ಲಾಕ್‌ಡೌನ್‌ನಲ್ಲಿ. ಪುಸ್ತಕದ ಆ ಪುಟಗಳು ಖಾಲಿ. ಮಾರ್ಚ್ 24ಕ್ಕೆ ಒಂದು ಗೆರೆ, ಅದರ ಕೆಳಗೆ ‘ಬಂದ್’. ನೋಂದಣಿ ಆದ ಕಟ್ಟಡ ಕಾರ್ಮಿಕರಿಗೆ ರಾಜ್ಯ ಸರ್ಕಾರ ಆಗ ಎರಡು ಕಂತಿನಲ್ಲಿ 5,000 ರೂಪಾಯಿ ಹಾಕಿತು. ಮಾವನ ಖಾತೆಗೂ ಬಂತು. ಮನೆಯ ಅಕ್ಕಿ, ಬೇಳೆ ಆಯಿತು. ಅತ್ತೆಯ ಖಾತೆಗೆ ಬರಲಿಲ್ಲ. ಹನ್ನೆರಡು ವರ್ಷ ಬಾಂಡ್ಲಿ ಹೊತ್ತವಳಿಗೆ ಕಾರ್ಡೇ ಇರಲಿಲ್ಲ. ಗಂಡನಿಗೆ ಸಹಿ ಹಾಕಿಸಲು ಓಡಾಡುವಾಗ, ತಾನೂ ಕಟ್ಟಡ ಕಾರ್ಮಿಕಳೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಯ್ದೆಯಲ್ಲಿ ಮೇಸ್ತ್ರಿ ಬೇರೆ, ಚಿಕ್ಕಾಳು ಬೇರೆ ಅಂತ ಇಲ್ಲ. ಗಂಡಾಳು, ಹೆಣ್ಣಾಳು ಅಂತಲೂ ಇಲ್ಲ. 90 ದಿನ ಅಂದರೆ ಎಲ್ಲರಿಗೂ 90 ದಿನವೇ. ನಿಮ್ಮ ಮನೆಯಲ್ಲಿ ಗಾರೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿದ್ದರೆ ಇವತ್ತೇ ಒಂದು ಪುಸ್ತಕ ತಂದು ಕೊಡಿ.

ಒಂದು ದಿನದ ಮಾತು ಹೇಳಬೇಕು. ನಾನು ಚಿಕ್ಕಾಳಾಗಿದ್ದ ಆ ಬೇಸಿಗೆಯಲ್ಲಿ ತರೀಕೆರೆಯ ಆಚೆ ಅಮೃತಾಪುರದ ಹತ್ತಿರ ಕೆಲಸ ಇತ್ತು. ಮಧ್ಯಾಹ್ನ ಬುತ್ತಿ ಉಂಡು ಅಮೃತೇಶ್ವರ ದೇವಸ್ಥಾನಕ್ಕೆ ಹೋದೆವು. ಹೊಯ್ಸಳರ ಎರಡನೇ ವೀರ ಬಲ್ಲಾಳನ ಕಾಲದಲ್ಲಿ, 1196ರಲ್ಲಿ ಆದ ಗುಡಿ. ಮಾವ ದೇವರಿಗೆ ಕೈಮುಗಿದು ಹೊರಗೆ ಬಂದು ಗೋಡೆಯ ಕಲ್ಲುಗಳ ಸಂದಿಗೆ ಉಗುರು ಹಾಕಿ ನೋಡಿದ. ಗಾರೆ ಇಲ್ಲದೆ ಹೆಂಗೆ ಕೂರಿಸಿದ್ದಾರೆ ಅಂತ ಅವನ ಚಿಂತೆ. ಇಲ್ಲಿ ಮಲ್ಲಿತಮ್ಮ ಅಂತ ಒಬ್ಬ ರೂವಾರಿ ಕೆಲಸ ಮಾಡಿದ್ದ, ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿದ್ದಾನೆ, ಮುಂದೆ ಸೋಮನಾಥಪುರದ ಗುಡಿಯಲ್ಲೂ ಅದೇ ಹೆಸರು ಇದೆ ಅಂತ ನಾನು ಓದಿದ್ದನ್ನು ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ. ‘ಸೋಮನಾಥಪುರ ಎಲ್ಲೈತೆ?’ ಮೈಸೂರು ಕಡೆ ಅಂದೆ. ‘ಅಷ್ಟು ದೂರವಾ? ಹೆಂಡ್ತಿ ಮಕ್ಕಳನ್ನ ಜೊತೇಲಿ ಕರ್ಕಂಡು ಹೋಗಿದ್ನೋ, ಬಿಟ್ಟು ಹೋಗಿದ್ನೋ, ಅದನ್ನೇನಾರ ಬರ್ದವ್ನಾ?’

ಅದನ್ನು ಬರೆದಿಲ್ಲ. ಆಗ ನಾನು ನಕ್ಕುಬಿಟ್ಟೆ. ಈಗ ಆ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದರಲ್ಲ, ಆ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದ ಹುಡುಗರು ಇದ್ದರು. ಮಾವ ಆ ದಾರಿಯಲ್ಲಿ ಹೋಗುವಾಗ ಚಹಾ ಅಂಗಡಿಯಲ್ಲಿ ಅವರನ್ನು ಕಂಡರೆ ಚಹಾ ಕೊಡಿಸುತ್ತಿದ್ದ. ಇವನಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಕೈ ಸನ್ನೆಯಲ್ಲೇ ಮಕ್ಕಳು ಎಷ್ಟು ಅಂತ ಕೇಳುತ್ತಿದ್ದ. ಅವರು ಫೋನಿನಲ್ಲಿ ಫೋಟೊ ತೋರಿಸುತ್ತಿದ್ದರು.

ಇನ್ನು ಅವನ ಸ್ವಂತ ಮನೆ. ಮೇಸ್ತ್ರಿ ಮನೆಗೆ ಪ್ಲಾಸ್ಟರ್ ಇಲ್ಲ ಅಂತ ನಮ್ಮೂರಲ್ಲಿ ತಮಾಷೆ ಮಾಡುತ್ತಾರೆ. ಅರ್ಧ ನಿಜ. ಒಳಗೆಲ್ಲ ಪ್ಲಾಸ್ಟರ್ ಆಗಿದೆ, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್, ಗೋಡೆ ಕನ್ನಡಿ ಥರ ಇದೆ. ಹೊರಗಡೆ ಇವತ್ತಿಗೂ ಬರೀ ಇಟ್ಟಿಗೆ. ಕೇಳಿದರೆ ‘ಒಳಗಿರೋರು ನಮ್ಮೋರು. ಹೊರಗಿಂದ ನೋಡೋರು ಆಮೇಲೆ ನೋಡ್ಲಿ’ ಅಂತಿದ್ದ. ಮಕ್ಕಳು ಓದಲು ಕೂರುವ ಕಿಟಕಿಯ ಹತ್ತಿರ ಗೋಡೆಯಲ್ಲೇ ಕಲ್ಲಿನ ಹಲಗೆ ಕೂರಿಸಿ ಮೇಜು ಮಾಡಿದ್ದಾನೆ. ಮಗಳ ಎತ್ತರಕ್ಕೆ ಒಂದು, ಮಗನ ಎತ್ತರಕ್ಕೆ ಒಂದು. ಅವರು ಬೆಳೆದರು, ಕಲ್ಲು ಅಲ್ಲೇ ಇದೆ. ಈಗ ಮಗಳ ಮಗು ಅದರ ಮೇಲೆ ಕೂತು ಊಟ ಮಾಡುತ್ತದೆ.

ಕೊನೇ ಎರಡು ವರ್ಷ ಅವನಿಗೆ ಏದುಸಿರು. ಸಾರ್ವೆ ಹತ್ತಲು ಆಗುತ್ತಿರಲಿಲ್ಲ, ಕೆಳಗಿನ ಕೆಲಸ ಮಾಡುತ್ತಿದ್ದ. ಡಾಕ್ಟರಿಗೆ ತೋರಿಸಿದಾಗ ‘ಬೀಡಿ ಎಷ್ಟು ವರ್ಷದಿಂದ?’ ಅಂತ ಕೇಳಿದರು. ‘ಬೀಡಿ ಇಲ್ಲ ಸಾರ್, ಸಿಮೆಂಟು ಅಷ್ಟೇ’ ಅಂದ. ಧೂಳಿಗೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದನ್ನು ಅವನು ಎಂದೂ ಮಾಡಲಿಲ್ಲ. ನಮ್ಮ ಕಡೆ ಯಾರೂ ಮಾಡುವುದಿಲ್ಲ. ಅವನ ಕೈಕೆಳಗೆ ಕಲಿತ ಹುಡುಗ ಈಗ ಕಟ್ಟಿಕೊಳ್ಳುತ್ತಾನೆ. ಕಾರ್ತಿಕದ ಒಂದು ರಾತ್ರಿ ಮುದ್ದೆ ಉಂಡು ಮಲಗಿದವನು ಬೆಳಗ್ಗೆ ಏಳಲಿಲ್ಲ. ಪಿಂಚಣಿಯ ವಯಸ್ಸಿಗೆ ಇನ್ನೂ ಎರಡು ವರ್ಷ ಇತ್ತು. ಕಾರ್ಡ್ ಚಾಲ್ತಿಯಲ್ಲಿದ್ದುದರಿಂದ ಅಂತ್ಯಕ್ರಿಯೆ ವೆಚ್ಚ, ಸಹಾಯಧನಕ್ಕೆ ಅತ್ತೆ ಅರ್ಜಿ ಹಾಕಿದಳು. ಕಾಗದಪತ್ರಕ್ಕೆ ನಾನು ಓಡಾಡಿದೆ. ತಾರೀಖು ಕೇಳಿದ ಕಡೆಯೆಲ್ಲ ಪುಸ್ತಕ ಇತ್ತು.

ಅವನು ಕೊನೆಯದಾಗಿ ಕೆಲಸ ಮಾಡುತ್ತಿದ್ದದ್ದು ಅಜ್ಜಂಪುರ ಕಡೆಯ ಹಳ್ಳಿಯಲ್ಲಿ, ಈರುಳ್ಳಿ ಬೆಳೆಯುವವರ ಮನೆ. ಗೋಡೆ ಲಿಂಟಲ್‌ವರೆಗೆ ಬಂದಿತ್ತು. ತಿಥಿಗೆ ಆ ಮನೆಯ ಯಜಮಾನರು ಬಂದರು. ಊಟ ಮಾಡಿ ಹೊರಡುವಾಗ ಅತ್ತೆಯ ಕೈಗೆ ಕವರಿನಲ್ಲಿ ಹತ್ತು ಸಾವಿರ ಇಟ್ಟರು. ಅತ್ತೆ ಒಳಗೆ ಹೋಗಿ ಪುಸ್ತಕ ತಂದಳು. ಹಿಂದಿನ ಬಟವಾಡೆ ಆದ ಮೇಲೆ ಒಂಬತ್ತು ದಿನ, ದಿನಕ್ಕೆ 900ರ ಹಾಗೆ 8,100. ಮುಂಗಡ 3,000. ಬಾಕಿ 5,100. ಅಷ್ಟು ಎಣಿಸಿಕೊಂಡು 4,900 ವಾಪಸ್ ಕೊಟ್ಟಳು. ‘ಇರ್ಲಿ ತಗಳಮ್ಮ, ನಮ್ಮನೆ ಪಾಯ ಹಾಕಿದ ಕೈ’ ಅಂತ ಅವರು ಕಣ್ಣಲ್ಲಿ ನೀರು ತಂದುಕೊಂಡರು. ‘ಲೆಕ್ಕ ಲೆಕ್ಕವೇ ಕಣಣ್ಣ. ಮೋಲ್ಡಿಗೆ ನೀರು ಮಾತ್ರ ಸರಿಯಾಗಿ ನಿಲ್ಸಿ’ ಅಂದಳು ಅತ್ತೆ.

ಆ ಮನೆಯ ಮೋಲ್ಡನ್ನು ಮಾವನ ಹತ್ತಿರ ಕಲಿತ ಹುಡುಗನೇ ಹಾಕಿದ. ಬೇಸಿಗೆಯಿಂದ ಅತ್ತೆಯೂ ಅವನ ಜೊತೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಮಕ್ಕಳು ಬೇಡ ಅಂದರು, ಕೇಳಲಿಲ್ಲ. ಹೆಣ್ಣಾಳಿನ ಕೂಲಿ ಈಗಲೂ ಗಂಡಾಳಿಗಿಂತ ಕಡಿಮೆಯೇ. ಮೊನ್ನೆ ಹೋದಾಗ ಬಾಗಿಲ ಹಿಂದೆ ಹೊಸ ಪುಸ್ತಕ ನೇತಾಡುತ್ತಿತ್ತು, ಹನ್ನೆರಡನೆಯದು. ಮೊದಲ ಪುಟದ ಮೇಲೆ ಅತ್ತೆಯ ಹೆಸರಿದೆ. ನಾನು ಎಣಿಸಿದೆ, 41 ದಿನ ಆಗಿತ್ತು. ಇನ್ನು 49 ಆಗಬೇಕು.